ಬೂಸ್ಟು ಒರೆಸುವ ಮೊದಲು ನೀರನ್ನು ಹುಡುಕಿ

ಒಂದೇ ಗೋಡೆಗೆ ನಾನು ಎರಡು ವರ್ಷಗಳಲ್ಲಿ ಮೂರು ಸಲ ಬಣ್ಣ ಹೊಡೆಸಿದ್ದೇನೆ. ಬಟ್ಟೆಯ ಬೀರುವಿನ ಹಿಂದೆ ಹಸಿರುಗಪ್ಪು ಚುಕ್ಕೆಗಳು ಕಂಡಾಗ ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ: ಬ್ಲೀಚ್ ಹಾಕಿ ಉಜ್ಜಿ, ಮೇಲೆ ಬಣ್ಣ. ಎಂಟು ತಿಂಗಳಲ್ಲಿ ಚುಕ್ಕೆಗಳು ಮರಳಿದವು. ಎರಡನೆಯ ಸಲ, ಬೂಸ್ಟು ಹಿಡಿಯುವುದೇ ಇಲ್ಲ ಎಂದು ಡಬ್ಬಿಯ ಮೇಲೆ ಬರೆದಿದ್ದ ದುಬಾರಿ ಬಣ್ಣ. ಅದೂ ಸೋತಿತು. ಮೂರನೆಯ ಸಲ ಬಂದ ಬಣ್ಣದ ಕೆಲಸದವರು ಡಬ್ಬಿ ತೆರೆಯುವ ಮುಂಚೆ, ಬೀರುವನ್ನು ಗೋಡೆಗೆ ಇಷ್ಟು ಒತ್ತಿ ಇಟ್ಟಿರುವುದು ಏಕೆ ಎಂದು ಕೇಳಿದರು. ಕೆಲಸ ಮುಗಿದ ಮೇಲೆ ಅದನ್ನು ಒಂದು ಗೇಣು ಮುಂದಕ್ಕೆ ಎಳೆದು ನಿಲ್ಲಿಸಿದೆವು. ಆಮೇಲೆ ಅಲ್ಲಿ ಚುಕ್ಕೆ ಬಿದ್ದಿಲ್ಲ.

ಬೂಸ್ಟು ಒಂದು ಬಗೆಯ ಶಿಲೀಂಧ್ರ. ಅದರ ಬೀಜಕಗಳು ಗಾಳಿಯಲ್ಲಿ, ದೂಳಿನಲ್ಲಿ, ನಾವು ತೊಟ್ಟ ಬಟ್ಟೆಯಲ್ಲಿ ಸದಾ ಇರುತ್ತವೆ. ಅವನ್ನು ಮನೆಯಿಂದ ಪೂರ್ತಿಯಾಗಿ ಹೊರಹಾಕಲು ಯಾರಿಂದಲೂ ಆಗದು. ಆಹಾರಕ್ಕೂ ಕೊರತೆಯಿಲ್ಲ: ಮರ, ಕಾಗದ, ಹತ್ತಿ, ಚರ್ಮ, ಅಂಟು, ಬಣ್ಣದ ಪದರ, ಕೊನೆಗೆ ಗಾಜಿನ ಮೇಲೆ ಕುಳಿತ ದೂಳು ಕೂಡ. ನಮಗೆ ಹಿತವೆನಿಸುವ ಉಷ್ಣತೆಯೇ ಅದಕ್ಕೂ ಹಿತ. ಹೀಗಾಗಿ ನಮ್ಮ ಹಿಡಿತಕ್ಕೆ ಸಿಗುವುದು ನೀರೊಂದೇ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಸ್ಟಿನ ಬಗ್ಗೆ ಮಾರ್ಗಸೂಚಿ ಹೊರತಂದಾಗ, ಗಾಳಿಯಲ್ಲಿ ಇಷ್ಟು ಬೀಜಕಗಳವರೆಗೆ ಪರವಾಗಿಲ್ಲ ಎಂಬ ಅಂಕಿಯನ್ನು ಕೊಡಲಿಲ್ಲ. ತೇವ ನಿಲ್ಲದಂತೆ ನೋಡಿಕೊಳ್ಳುವುದೇ ದಾರಿ ಎಂದಿತು. ತೇವದ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾದ ತೊಂದರೆಗಳು ಹೆಚ್ಚು ಕಾಣುತ್ತವೆ ಎಂಬುದು ಆ ಮಾತಿನ ಹಿಂದಿರುವ ಕಾರಣ.

ಕೆಳಗಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಮಾಡಿ. ಉಜ್ಜಿ ತೆಗೆಯುವುದನ್ನು ಕೊನೆಗೆ ಇಟ್ಟಿರುವುದು ಮರೆತು ಅಲ್ಲ.

ಹೆಜ್ಜೆ 1: ಕಲೆ ಎಲ್ಲಿದೆ ಎಂದು ಓದಿ

ಮೊದಲು ಅದು ಬೂಸ್ಟು ಹೌದೋ ಅಲ್ಲವೋ ತಿಳಿಯಬೇಕು. ಇಟ್ಟಿಗೆ, ಗಾರೆಯ ಗೋಡೆಗಳ ಮೇಲೆ ಬಿಳಿಯ ಹತ್ತಿಯಂಥ ಪುಡಿ ಕಂಡರೆ ಅದು ಬಹುಮಟ್ಟಿಗೆ ಉಪ್ಪು. ಗೋಡೆಯೊಳಗಿನ ನೀರು ಹೊರಬಂದು ಆರಿದಾಗ ಬಿಟ್ಟುಹೋದದ್ದು. ಅದರ ಮೇಲೆ ಒಂದು ಹನಿ ನೀರು ಬಿಡಿ. ಉಪ್ಪು ಕರಗುತ್ತದೆ, ಬೂಸ್ಟು ಕರಗುವುದಿಲ್ಲ. ಉಪ್ಪಾಗಿದ್ದರೂ ನೆಮ್ಮದಿಯಿಂದ ಕೂರುವಂತಿಲ್ಲ, ಏಕೆಂದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂದು ಅದು ಹೇಳುತ್ತಿದೆ.

ಬೂಸ್ಟೇ ಆಗಿದ್ದರೆ ಅದರ ಜಾಗವೇ ಅರ್ಧ ಕಥೆ ಹೇಳುತ್ತದೆ. ನೆಲದಿಂದ ಮೊದಲಾಗಿ ಸೊಂಟದ ಎತ್ತರದೊಳಗೆ ಅಡ್ಡಗೆರೆಯಂತೆ ನಿಂತಿದ್ದರೆ ನೆಲದ ನೀರು ಗೋಡೆಯಲ್ಲಿ ಮೇಲೇರುತ್ತಿರಬಹುದು. ಚಾವಣಿಯಲ್ಲಿ ಕಂದು ಅಂಚಿರುವ ದುಂಡನೆಯ ಕಲೆ ಕಂಡರೆ ಮೇಲಿನಿಂದ ಸೋರಿಕೆ. ಕಿಟಕಿಯ ಕೆಳಮೂಲೆಯಿಂದ ಇಳಿದ ಕಲೆಯಾದರೆ ಚೌಕಟ್ಟಿನ ಸಂದಿಯಲ್ಲಿ ಮಳೆನೀರು. ಎರಡು ಹೊರಗೋಡೆಗಳು ಸೇರುವ ಮೂಲೆ, ಬೀರುವಿನ ಬೆನ್ನು, ಮಂಚದ ತಲೆಯ ಕಡೆಯ ಗೋಡೆ, ಪರದೆಯ ಮರೆ, ಇಂಥಲ್ಲಿ ಗಡಿಯಿಲ್ಲದೆ ಹರಡಿದ ಚುಕ್ಕೆಗಳಾದರೆ ನೀರು ಹೊರಗಿನಿಂದ ಬಂದಿಲ್ಲ. ಕೋಣೆಯ ಗಾಳಿಯಲ್ಲಿದ್ದ ಆವಿಯೇ ತಣ್ಣನೆಯ ಗೋಡೆಗೆ ಅಂಟಿದೆ.

ಕಣ್ಣಿಗೆ ಏನೂ ಕಾಣದೆ ಬರೀ ಮುಗ್ಗಲು ವಾಸನೆ ಬರುತ್ತಿದ್ದರೆ ಮೂಗನ್ನು ನಂಬಿ. ಸಿಂಕಿನ ಕೆಳಗಿನ ಕಪಾಟು, ಹಾಸಿಗೆಯ ತಳ, ಸುಳ್ಳು ಚಾವಣಿಯ ಮೇಲ್ಭಾಗ, ಏರ್ ಕಂಡಿಷನರಿನ ಒಳಭಾಗ, ಈ ನಾಲ್ಕು ಕಡೆ ಟಾರ್ಚ್ ಹಿಡಿದು ನೋಡಿ.

ಬಣ್ಣ ನೋಡಿ ಹೆದರುವುದು ಬೇಡ. "ವಿಷದ ಕಪ್ಪು ಬೂಸ್ಟು" ಎಂದು ಸುದ್ದಿಯಾಗುವುದು ಸ್ಟಾಕಿಬೋಟ್ರಿಸ್ ಎಂಬುದು. ಆದರೆ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕ್ಲಾಡೋಸ್ಪೋರಿಯಂ, ಆಸ್ಪರ್ಜಿಲಸ್ ನೈಗರ್ ಕೂಡ ಕಪ್ಪಾಗಿಯೇ ಕಾಣುತ್ತವೆ. ಯಾವ ಜಾತಿಯೆಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಹಣ ಸುರಿಯುವುದು ನನ್ನ ಲೆಕ್ಕದಲ್ಲಿ ದಂಡ. ಜಾತಿ ಯಾವುದಾದರೂ ಮಾಡಬೇಕಾದ ಕೆಲಸ ಒಂದೇ.

ಹೆಜ್ಜೆ 2: ಅಳೆಯಿರಿ

ಗಾಳಿಯ ತೇವವನ್ನು ಅಳೆಯುವ ಹೈಗ್ರೋಮೀಟರ್ ಒಂದನ್ನು ತನ್ನಿ. ಅಂಗೈಯಷ್ಟು ದೊಡ್ಡದು, ಅಗ್ಗದ ಉಪಕರಣ. ಅದು ತೋರಿಸುವುದು ಸಾಪೇಕ್ಷ ಆರ್ದ್ರತೆ: ಆ ಉಷ್ಣತೆಯಲ್ಲಿ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿಯಲ್ಲಿ ಶೇಕಡ ಎಷ್ಟು ಈಗ ಅದರಲ್ಲಿದೆ ಎಂಬ ಲೆಕ್ಕ. ಕೋಣೆಯಲ್ಲಿ ಅದು 30ರಿಂದ 50ರ ನಡುವೆ ಇದ್ದರೆ ಒಳ್ಳೆಯದು, 60 ದಾಟಬಾರದು.

ಅಗ್ಗದ ಮಾಪಕ ಸುಳ್ಳು ಹೇಳುವುದೂ ಉಂಟು. ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನ ಹದ ಬರುವಷ್ಟು ಮಾತ್ರ ನೀರು ಹನಿಸಿ. ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿ ಒಟ್ಟಿಗೆ ಇಟ್ಟು ಒಂದು ರಾತ್ರಿ ಬಿಡಿ. ಒಳಗಿನ ಆರ್ದ್ರತೆ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಇದು ಉಪ್ಪಿನ ಗುಣ. ನಿಮ್ಮ ಮಾಪಕ 70 ಎಂದರೆ, ಅದು 5 ಕಡಿಮೆ ಓದುತ್ತದೆ ಎಂದು ಅದರ ಬೆನ್ನಿಗೇ ಬರೆದಿಡಿ.

ಒಂದು ವಾರ ಬೆಳಿಗ್ಗೆ ಎದ್ದ ಕೂಡಲೇ, ಅಡುಗೆಯಾದ ಮೇಲೆ, ಮಲಗುವ ಮುನ್ನ ಓದಿ ಬರೆಯಿರಿ. ಮಾಪಕವನ್ನು ಕೋಣೆಯ ನಡುವೆ ಇಟ್ಟಂತೆ ತೊಂದರೆಯಿರುವ ಮೂಲೆಯಲ್ಲೂ ಇಟ್ಟು ನೋಡಿ. ಎರಡರ ನಡುವಿನ ಅಂತರ ನಿಮ್ಮನ್ನು ಬೆಚ್ಚಿಬೀಳಿಸಬಹುದು.

ಏಕೆಂದರೆ ಬೂಸ್ಟಿಗೆ ನೀರಿನ ಹನಿ ಬೇಕಾಗಿಲ್ಲ. ಗೋಡೆಯ ಮೈಗೆ ತಾಗಿದ ಗಾಳಿಯ ಆರ್ದ್ರತೆ ಶೇಕಡ 80ರ ಆಸುಪಾಸಿನಲ್ಲಿ ಹಲವು ದಿನ ನಿಂತರೆ ಸಾಕು. ಕೋಣೆಯಲ್ಲಿ 25 ಡಿಗ್ರಿ ಸೆಲ್ಸಿಯಸ್, ಶೇಕಡ 60 ಆರ್ದ್ರತೆ ಇದೆ ಎನ್ನಿ. ಇದು ಕೂರುವವರಿಗೆ ಹಿತವಾದ ಹವೆ. ಅದೇ ಗಾಳಿ 20 ಡಿಗ್ರಿಯ ಮೂಲೆಯನ್ನು ಮುಟ್ಟಿದಾಗ, ಆ ಮೈಯ ಮೇಲೆ ಆರ್ದ್ರತೆ 80 ದಾಟುತ್ತದೆ. ಹನಿಗಟ್ಟಬೇಕಾದರೆ ಗೋಡೆ ಸುಮಾರು 17 ಡಿಗ್ರಿಗೆ ಇಳಿಯಬೇಕು, ಅದೇ ಆ ಗಾಳಿಯ ಇಬ್ಬನಿ ಬಿಂದು. ಅಂದರೆ ಕೈಯಿಟ್ಟರೆ ಒಣಗಿರುವ ಗೋಡೆಯ ಮೇಲೂ ಬೂಸ್ಟು ಬೆಳೆಯುತ್ತದೆ. "ಗೋಡೆ ಒಣಗಿಯೇ ಇದೆಯಲ್ಲ" ಎಂದು ತಿಂಗಳುಗಟ್ಟಲೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ನೀರು ಗೋಡೆಯೊಳಗಿನದೋ ಗಾಳಿಯದೋ ಎಂಬ ಅನುಮಾನ ಇನ್ನೂ ಉಳಿದಿದ್ದರೆ ಮೊಳದಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿನಲ್ಲಿ ಟೇಪು ಹಚ್ಚಿ ಗೋಡೆಗೆ ಅಂಟಿಸಿ. ಎರಡು ದಿನದ ಮೇಲೆ ಹಾಳೆಯ ಹಿಂಬದಿ, ಅಂದರೆ ಗೋಡೆಯ ಕಡೆ, ಹನಿಗಟ್ಟಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ತೇವವಿದ್ದರೆ ಗಾಳಿಯಿಂದ.

ಹೆಜ್ಜೆ 3: ದ್ರವವಾಗಿ ಬರುವ ನೀರನ್ನು ನಿಲ್ಲಿಸಿ

ಸೋರಿಕೆ ಇರುವ ಮನೆಯಲ್ಲಿ ಕಿಟಕಿ ತೆರೆದು, ಯಂತ್ರ ಓಡಿಸಿ ತೇವ ಇಳಿಸಲು ಹೊರಡುವುದು ತೂತಿನ ದೋಣಿಯಿಂದ ನೀರು ಎತ್ತಿ ಹಾಕಿದಂತೆ. ಇದು ಮೊದಲು ಮುಗಿಯಬೇಕು.

ಮಳೆ ಬರುವಾಗ ಕೊಡೆ ಹಿಡಿದು ಮನೆಯನ್ನು ಒಮ್ಮೆ ಸುತ್ತಿ ಬನ್ನಿ. ಒಣ ದಿನದಲ್ಲಿ ಕಾಣದ್ದು ಆಗ ಕಾಣುತ್ತದೆ: ಎಲೆ ಕಟ್ಟಿಕೊಂಡು ತುಳುಕುವ ಮಳೆನೀರ ದೋಣಿ, ಗೋಡೆಯ ಬುಡಕ್ಕೇ ಸುರಿಯುವ ಕೊಳವೆ, ತಾರಸಿಯಲ್ಲಿ ನಿಂತ ನೀರು. ಮನೆಯ ಸುತ್ತಲಿನ ನೆಲ ಗೋಡೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ಮೊದಲ 3 ಮೀಟರಿನಲ್ಲಿ 15 ಸೆಂಟಿಮೀಟರ್ ಇಳಿದರೆ ಸಾಕು. ಗೋಡೆಗೆ ಒರಗಿಸಿ ಮಣ್ಣು ಏರಿಸಿ ಹೂಗಿಡ ನೆಟ್ಟಿದ್ದರೆ, ನೆಲದ ತೇವ ಮೇಲೇರದಂತೆ ಗೋಡೆಯಲ್ಲಿ ಹಾಕಿರುವ ತಡೆಪದರವನ್ನು ಆ ಮಣ್ಣು ದಾಟಿರಬಹುದು. ಗಿಡವನ್ನು ಬೇರೆಡೆಗೆ ಸಾಗಿಸಿ.

ಕೊಳವೆಯ ಸೋರಿಕೆಗೆ ನೀರಿನ ಮೀಟರೇ ಸಾಕ್ಷಿ. ಎಲ್ಲ ನಲ್ಲಿಗಳನ್ನೂ ಮುಚ್ಚಿ, ತೊಟ್ಟಿಗೆ ನೀರು ತುಂಬುತ್ತಿಲ್ಲವೆಂದು ಖಚಿತಪಡಿಸಿಕೊಂಡು ಮೀಟರ್ ಓದಿ. ಎರಡು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ಓದಿ. ಅಂಕಿ ಕದಲಿದ್ದರೆ ಎಲ್ಲೋ ಒಸರುತ್ತಿದೆ. ಸ್ನಾನದ ಕೋಣೆಯ ನೆಲದ ಮೇಲೆ ಅನುಮಾನವಿದ್ದರೆ ಬಣ್ಣ ಬೆರೆಸಿದ ನೀರನ್ನು ಅಲ್ಲಿ ನಿಲ್ಲಿಸಿ, ಕೆಳಗಿನ ಚಾವಣಿಯಲ್ಲೋ ಪಕ್ಕದ ಗೋಡೆಯಲ್ಲೋ ಆ ಬಣ್ಣ ಕಾಣುತ್ತದೆಯೇ ನೋಡಿ.

ಒಂದು ಎಚ್ಚರಿಕೆ. ಗೋಡೆ ಹೊರಗಿನಿಂದ ನೀರು ಕುಡಿಯುತ್ತಿರುವಾಗ ಒಳಬದಿಗೆ ಜಲನಿರೋಧಕ ಲೇಪ ಬಳಿಯುವುದು ಬಹಳ ಜನ ಮಾಡುವ ತಪ್ಪು. ನೀರು ಒಳಗೇ ಸಿಕ್ಕಿಬಿದ್ದು ಇನ್ನೂ ಮೇಲೇರಿ, ಲೇಪ ಮುಗಿದಲ್ಲಿ ಹೊರಬರುತ್ತದೆ. ಲೇಪ ಹೊರಬದಿಗೆ ಬೇಕು. ಸೋರಿಕೆ ನಿಂತ ಮೇಲೆಯೂ ಗೋಡೆ ಕೂಡಲೇ ಆರುವುದಿಲ್ಲ: 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದ ಕೆಲಸದವರ ಸ್ಥೂಲ ಲೆಕ್ಕ. ಹೊಸದಾಗಿ ಕಟ್ಟಿದ ಮನೆಗೂ ಇದು ಅನ್ವಯಿಸುತ್ತದೆ. ಗಾರೆ, ಕಾಂಕ್ರೀಟಿಗೆ ಬೆರೆಸಿದ ನೀರು ಎಷ್ಟೋ ತಿಂಗಳು ಒಳಗೆ ಉಳಿದಿರುತ್ತದೆ.

ಹೆಜ್ಜೆ 4: ಮನೆಯೊಳಗೇ ಹುಟ್ಟುವ ಆವಿ

ನಾವು ಉಸಿರಾಡುತ್ತೇವೆ, ಬೆವರುತ್ತೇವೆ, ಬೇಯಿಸುತ್ತೇವೆ, ಮೀಯುತ್ತೇವೆ. ನಾಲ್ವರಿರುವ ಮನೆಯಲ್ಲಿ ದಿನಕ್ಕೆ ಸುಮಾರು 10 ಲೀಟರ್ ನೀರು ಆವಿಯಾಗಿ ಗಾಳಿ ಸೇರುವುದು ಅಸಹಜವಲ್ಲ. ಒಂದು ಬಕೆಟ್ ನೀರನ್ನು ದಿನವೂ ಕೋಣೆಕೋಣೆಗೆ ಚಿಮುಕಿಸಿದಂತೆ.

ಇದರಲ್ಲಿ ಜನ ಗಮನಿಸದ ಪಾಲು ಒಲೆಯದು. ಅಡುಗೆ ಅನಿಲ ಉರಿದಾಗ ಅದರ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. 1 ಕಿಲೋ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರು! ಪಾತ್ರೆಯಿಂದ ಏಳುವ ಹಬೆ ಬೇರೆ. ಪಾತ್ರೆಗೆ ಮುಚ್ಚಳ ಹಾಕಿ, ಒಲೆ ಹಚ್ಚುವ ಮುನ್ನವೇ ಗಾಳಿಯನ್ನು ಹೊರಗೆ ದೂಡುವ ಫ್ಯಾನ್ ಹಾಕಿ. ಒಲೆಯ ಮೇಲಿನ ಚಿಮಣಿ ಗಾಳಿಯನ್ನು ಸೋಸಿ ಕೋಣೆಗೇ ಮರಳಿ ಬಿಡುವ ಬಗೆಯದಾದರೆ ಅದು ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆಯೇ ಹೊರತು ಆವಿಯನ್ನು ಹಿಡಿಯುವುದಿಲ್ಲ.

ಎರಡನೆಯದು ಒದ್ದೆ ಬಟ್ಟೆ. ನಂಬಿಕೆಯಾಗದಿದ್ದರೆ ಒಂದು ಸಲದ ಬಟ್ಟೆಯನ್ನು ಹರವುವ ಮೊದಲು ತೂಗಿ, ಒಣಗಿದ ಮೇಲೆ ಮತ್ತೆ ತೂಗಿ. ವ್ಯತ್ಯಾಸ ಎಷ್ಟು ಕಿಲೋ ಇದೆಯೋ ಅಷ್ಟು ಲೀಟರ್ ನೀರು ನಿಮ್ಮ ಕೋಣೆಯ ಗಾಳಿಗೆ ಸೇರಿದೆ. ಯಂತ್ರದಲ್ಲಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲೂ ಎರಡು ಲೀಟರಿನಷ್ಟು ಇರಬಹುದು. ಒಳಗೆ ಹರವದೆ ಗತ್ಯಂತರವಿಲ್ಲದಿದ್ದರೆ ಮಲಗುವ ಕೋಣೆಯನ್ನು ಬಿಟ್ಟು ಬೇರೆ ಒಂದು ಕೋಣೆ ಆರಿಸಿ, ಅದರ ಬಾಗಿಲು ಮುಚ್ಚಿ, ಅಲ್ಲಿನ ಕಿಟಕಿ ತೆರೆಯಿರಿ ಅಥವಾ ಹೊರಗೆ ದೂಡುವ ಫ್ಯಾನ್ ಹಾಕಿ.

ಸ್ನಾನದ ಕೋಣೆಯಲ್ಲಿ ಫ್ಯಾನು ಸ್ನಾನ ಮುಗಿದ ಮೇಲೆಯೂ 20–30 ನಿಮಿಷ ತಿರುಗಬೇಕು. ಅದು ಎಳೆಯುತ್ತಿದೆಯೇ ಎಂದು ತಿಳಿಯಲು ತೆಳುವಾದ ಕಾಗದದ ಚೂರೊಂದನ್ನು ಅದರ ಜಾಲರಿಗೆ ಹಿಡಿದು ಕೈಬಿಡಿ. ಅಂಟಿ ನಿಂತರೆ ಸರಿ, ಬಿದ್ದರೆ ದೂಳು ತೆಗೆಯಿರಿ. ಬಾಗಿಲಿನ ಕೆಳಗೆ ಒಂದೆರಡು ಸೆಂಟಿಮೀಟರ್ ಸಂದಿಯೂ ಬೇಕು. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಫ್ಯಾನು ಹೊರಗೆ ದೂಡುವುದಾದರೂ ಏನನ್ನು? ಅದರ ಕೊಳವೆ ಹೊರಗಿನ ಬಯಲಿಗೆ ತಲುಪುತ್ತದೆಯೇ, ಅಥವಾ ಸುಳ್ಳು ಚಾವಣಿಯ ಮೇಲೆಯೇ ಬಾಯಿ ಬಿಟ್ಟುಕೊಂಡಿದೆಯೇ ಎಂಬುದನ್ನೂ ನೋಡಿ. ಎರಡನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲಕ್ಕಿಂತ ಅಗ್ಗದ ಉಪಾಯವೆಂದರೆ ಗಾಜು ಒರೆಸುವ ರಬ್ಬರ್ ಪಟ್ಟಿಯಿಂದ ಗೋಡೆ, ನೆಲದ ನೀರನ್ನು ಮೋರಿಗೆ ಎಳೆದುಬಿಡುವುದು. ಮೋರಿಗೆ ಹೋದ ನೀರು ಆವಿಯಾಗಿ ನಿಮ್ಮ ಬೀರುವಿನ ಬೆನ್ನಿಗೆ ಬರುವುದಿಲ್ಲ.

ಹೆಜ್ಜೆ 5: ಕಿಟಕಿ ಯಾವಾಗ ತೆರೆಯಬೇಕು

"ಗಾಳಿ ಬೆಳಕು ಬರಲಿ, ಕಿಟಕಿ ತೆರೆದಿಡಿ" ಎಂಬ ಸಲಹೆ ಅರ್ಧ ಮಾತ್ರ ನಿಜ. ಹೊರಗಿನ ಗಾಳಿಯಲ್ಲಿ ಒಳಗಿನದಕ್ಕಿಂತ ಕಡಿಮೆ ಆವಿ ಇದ್ದಾಗ ಅದು ಮನೆಯನ್ನು ಒಣಗಿಸುತ್ತದೆ, ಹೆಚ್ಚಿದ್ದಾಗ ನೆನೆಸುತ್ತದೆ. ಇದನ್ನು ಶೇಕಡಾವಾರು ಆರ್ದ್ರತೆ ನೋಡಿ ನಿರ್ಧರಿಸಲು ಹೋದರೆ ಮೋಸ ಹೋಗುತ್ತೀರಿ. ಬಿಸಿ ಗಾಳಿ ಹೆಚ್ಚು ಆವಿ ಹಿಡಿಯುತ್ತದೆ, ತಣ್ಣನೆಯದು ಕಡಿಮೆ. 10 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 9.4 ಗ್ರಾಂ ಆವಿ ಹಿಡಿದರೆ 20 ಡಿಗ್ರಿಯಲ್ಲಿ 17.3, 30 ಡಿಗ್ರಿಯಲ್ಲಿ 30.4 ಗ್ರಾಂ.

ಎರಡು ದಿನಗಳನ್ನು ಊಹಿಸಿ. ಮೊದಲನೆಯದು ಚಳಿಯ ದಿನ: ಹೊರಗೆ 10 ಡಿಗ್ರಿ, ಆರ್ದ್ರತೆ 90. ಅಂಕಿ ನೋಡಿದರೆ ಭಯವಾಗುತ್ತದೆ. ಆದರೆ ಆ ಗಾಳಿ ಒಳಗೆ ಬಂದು 22 ಡಿಗ್ರಿಗೆ ಬೆಚ್ಚಗಾದಾಗ ಅದರ ಆರ್ದ್ರತೆ ಸುಮಾರು 42ಕ್ಕೆ ಇಳಿಯುತ್ತದೆ. ಕಿಟಕಿ ತೆರೆಯಲು ಇದಕ್ಕಿಂತ ಒಳ್ಳೆಯ ದಿನವಿಲ್ಲ. ಎದುರುಬದುರಿನ ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಟ್ಟು ಮುಚ್ಚಿ, ದಿನಕ್ಕೆ ಎರಡು ಮೂರು ಸಲ. ಇಡೀ ದಿನ ಒಂದು ಸಣ್ಣ ಸಂದಿ ಬಿಡುವುದಕ್ಕಿಂತ ಇದು ಮೇಲು. ಸಂದಿಯ ಸುತ್ತಲಿನ ಗೋಡೆ ತಣ್ಣಗಾಗಿ ಅಲ್ಲೇ ಬೂಸ್ಟು ಕೂರುತ್ತದೆ.

ಎರಡನೆಯದು ಮಳೆಯ ನಡುವಿನ ಸೆಕೆಯ ದಿನ: ಹೊರಗೆ 28 ಡಿಗ್ರಿ, ಆರ್ದ್ರತೆ 85. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ 23 ಗ್ರಾಂ ಆವಿ ಇದೆ. ದಪ್ಪ ಗೋಡೆಯ ಒಳಕೋಣೆ 24 ಡಿಗ್ರಿಯಲ್ಲಿ ತಂಪಾಗಿದ್ದರೆ, ಆ ಉಷ್ಣತೆಯ ಗಾಳಿಗೆ 22 ಗ್ರಾಮಿಗಿಂತ ಹೆಚ್ಚು ಹಿಡಿಯಲಾಗದು. ಉಳಿದದ್ದು ಗೋಡೆ, ನೆಲ, ಕನ್ನಡಿಗಳ ಮೇಲೆ ಇಳಿಯುತ್ತದೆ. ಮಳೆಗಾಲದಲ್ಲಿ ನೆಲ ತಾನಾಗಿಯೇ ಬೆವರುವುದು ಹೀಗೆ. ಅಂಥ ದಿನ ಅಡುಗೆ, ಸ್ನಾನದ ಹಬೆಯನ್ನು ಫ್ಯಾನಿನಿಂದ ಹೊರದೂಡಿ, ಉಳಿದ ಕಿಟಕಿಗಳನ್ನು ಮುಚ್ಚಿಡುವುದೇ ಜಾಣತನ.

ಲೆಕ್ಕ ಹಾಕಲು ಬೇಸರವಾದರೆ ಹವಾಮಾನ ತಿಳಿಸುವ ಮೊಬೈಲ್ ಆ್ಯಪ್‌ನಲ್ಲಿ ಇಬ್ಬನಿ ಬಿಂದುವನ್ನು ನೋಡಿ. ಅದು ನಿಮ್ಮ ಮನೆಯ ಅತಿ ತಣ್ಣನೆಯ ಗೋಡೆಯ ಉಷ್ಣತೆಗಿಂತ ನಾಲ್ಕೈದು ಡಿಗ್ರಿ ಕೆಳಗಿದ್ದರೆ ತೆರೆಯಿರಿ, ಹತ್ತಿರ ಬಂದರೆ ಮುಚ್ಚಿ.

ಹೆಜ್ಜೆ 6: ತಣ್ಣನೆಯ ಮೈಗಳನ್ನು ಬೆಚ್ಚಗಾಗಿಸಿ

ನನ್ನ ಬೀರುವಿನ ಕಥೆ ಇಲ್ಲಿಗೆ ಸೇರಿದ್ದು. ಗೋಡೆಗೆ ಒತ್ತಿದ ಬೀರು ಕೋಣೆಯ ಬೆಚ್ಚನೆಯ ಗಾಳಿಯನ್ನು ಗೋಡೆಗೆ ತಲುಪಲು ಬಿಡುವುದಿಲ್ಲ. ಆವಿ ಮಾತ್ರ ಹೇಗೋ ನುಸುಳುತ್ತದೆ. ಹೊರಗೋಡೆಯಿಂದ ಕನಿಷ್ಠ 5ರಿಂದ 10 ಸೆಂಟಿಮೀಟರ್ ಬಿಡಿ. ಸಾಧ್ಯವಿದ್ದರೆ ಬೀರುವನ್ನು ಒಳಗೋಡೆಗೆ ಸಾಗಿಸಿ. ಬಟ್ಟೆಯನ್ನು ಗಾಳಿಯಾಡುವಷ್ಟು ಸಡಿಲವಾಗಿ ಜೋಡಿಸಿ. ಪೂರ್ತಿ ಒಣಗದ ಒಂದು ಅಂಗಿ ಸಾಕು, ಇಡೀ ಕಪಾಟು ಮುಗ್ಗಲು ಹಿಡಿಯಲು. ಹಾಸಿಗೆಯನ್ನು ನೇರ ನೆಲಕ್ಕೆ ಹಾಸುವವರು ದಿನವೂ ಎತ್ತಿ ನಿಲ್ಲಿಸಬೇಕು. ಗೋಡೆಗೆ ಹೊರಗಿನಿಂದ ಶಾಖ ನಿರೋಧಕ ಪದರ ಹಾಕಿಸುವುದು ಶಾಶ್ವತ ಪರಿಹಾರ, ಆದರೆ ದೊಡ್ಡ ಖರ್ಚು.

ಹೆಜ್ಜೆ 7: ಯಂತ್ರಗಳು, ಬೇಕಿದ್ದರೆ ಮಾತ್ರ

ಇಷ್ಟಾದರೂ ಮಾಪಕ 60ರ ಕೆಳಗೆ ಬಾರದಿದ್ದರೆ ತೇವ ಹೀರುವ ಯಂತ್ರ, ಅಂದರೆ ಡಿಹ್ಯುಮಿಡಿಫೈಯರ್, ಕೊಳ್ಳಬಹುದು. ಕಂಪ್ರೆಸರ್ ಇರುವ ಬಗೆಯದು ಬೆಚ್ಚನೆಯ ಕೋಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಉಷ್ಣತೆ 15 ಡಿಗ್ರಿಗಿಂತ ಇಳಿದರೆ ಸೋಲುತ್ತದೆ, ಅಲ್ಲಿಗೆ ಡೆಸಿಕಂಟ್, ಅಂದರೆ ತೇವ ಹೀರುವ ವಸ್ತುವನ್ನು ಬಳಸುವ ಬಗೆಯದು ಸರಿ. ಕಿಟಕಿ ಬಾಗಿಲು ಮುಚ್ಚಿಯೇ ಓಡಿಸಿ, ಇಲ್ಲವಾದರೆ ಊರಿನ ಗಾಳಿಯನ್ನೆಲ್ಲ ಒಣಗಿಸಲು ಹೊರಟಂತೆ.

ಏರ್ ಕಂಡಿಷನರ್ ಕೂಡ ತೇವ ತೆಗೆಯುತ್ತದೆ, ಆದರೆ ಕೋಣೆಗೆ ಮೀರಿದ ಗಾತ್ರದ್ದಾದರೆ ಬೇಗ ತಣ್ಣಗಾಗಿಸಿ ನಿಂತುಬಿಡುತ್ತದೆ, ನೀರು ತೆಗೆಯಲು ಸಮಯವೇ ಇರುವುದಿಲ್ಲ. ಕೋಣೆ ತಣ್ಣಗೆ, ಆದರೆ ಜಿಗುಟು ಎನಿಸುವುದು ಆಗಲೇ. ಅದರ ಜಾಲರಿಯನ್ನು ತೊಳೆಯುತ್ತಿರಿ. ನೀರು ಹೊರಹೋಗುವ ಕೊಳವೆ ಕಟ್ಟಿದೆಯೇ ನೋಡಿ. ಸಿಲಿಕಾ ಜೆಲ್ ಪೊಟ್ಟಣ, ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು ಮುಚ್ಚಿದ ಕಪಾಟಿಗೆ ಸರಿ. ಅವುಗಳಿಂದ ಕೋಣೆ ಒಣಗುತ್ತದೆ ಎಂಬುದು ಮಾರುವವರ ಆಸೆ.

ಹೆಜ್ಜೆ 8: ಏನಾದರೂ ನೆನೆದರೆ

ಕೊಳವೆ ಒಡೆದು ಅಥವಾ ಮಳೆನೀರು ನುಗ್ಗಿ ಮನೆ ನೆನೆದರೆ 24ರಿಂದ 48 ಗಂಟೆಯೊಳಗೆ ಒಣಗಿಸಬೇಕು. ಆ ಗಡುವು ದಾಟಿದರೆ ಬೂಸ್ಟು ಬೇರೂರಲು ತೊಡಗುತ್ತದೆ. ಮೊದಲು ವಿದ್ಯುತ್ ಆರಿಸಿ, ನೀರು ಎತ್ತಿಹಾಕಿ, ರತ್ನಗಂಬಳಿ ಹಾಸಿಗೆಗಳನ್ನು ಹೊರಗೆಳೆಯಿರಿ, ಆಮೇಲೆ ಗಾಳಿ ಹರಿಸಿ. ಚರಂಡಿಯ ನೀರಾಗಿದ್ದರೆ ನೀರು ಹೀರಿದ ಮೆತ್ತನೆಯ ವಸ್ತುಗಳನ್ನು ಉಳಿಸಿಕೊಳ್ಳುವ ಆಸೆ ಬಿಡಿ.

ಹೆಜ್ಜೆ 9: ಈಗ ಉಜ್ಜಿ ತೆಗೆಯಿರಿ

ಹರಡಿರುವ ಜಾಗ ಒಂದು ಚದರ ಮೀಟರಿಗಿಂತ ಕಡಿಮೆ ಇದ್ದರೆ ನೀವೇ ಮಾಡಬಹುದು. ಹೆಚ್ಚಿದ್ದರೆ ಬಲ್ಲವರನ್ನು ಕರೆಸಿ. ಆಸ್ತಮಾ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಈ ಕೆಲಸಕ್ಕೆ ಕೈ ಹಾಕಬಾರದು. ಎನ್95 ಮುಖಗವಸು, ರಬ್ಬರ್ ಕೈಗವಸು, ಕಣ್ಣಿಗೆ ಬಿಗಿಯಾದ ಕನ್ನಡಕ ಧರಿಸಿ. ಮನೆಯ ಉಳಿದ ಕಡೆಗೆ ಹೋಗುವ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಚಾವಣಿ ಫ್ಯಾನ್ ಆರಿಸಿ.

ಒಣ ಬ್ರಷ್ಷಿನಿಂದ ಎಂದೂ ಉಜ್ಜಬೇಡಿ, ಬೀಜಕಗಳು ಕೋಣೆ ತುಂಬ ಹಾರುತ್ತವೆ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಆಗಾಗ ಬದಲಿಸಿ, ಕೊನೆಗೆ ಒಣ ಬಟ್ಟೆಯಿಂದ ಒತ್ತಿ ಒಣಗಿಸಿ. ಗಾಜು, ಟೈಲ್ಸ್, ಲೋಹಕ್ಕೆ ಇಷ್ಟು ಸಾಕು. ಬ್ಲೀಚ್ ಬಹುತೇಕ ಅನಗತ್ಯ: ಗಾರೆ, ಮರದಂಥ ರಂಧ್ರಗಳಿರುವ ವಸ್ತುಗಳೊಳಗೆ ಅದು ಇಳಿಯುವುದಿಲ್ಲ, ಮೇಲಿನ ಬಣ್ಣ ಬಿಳಿಚಿಸಿ ವಾಸಿಯಾದಂತೆ ತೋರಿಸುತ್ತದೆ ಅಷ್ಟೆ. ಸತ್ತ ಬೂಸ್ಟೂ ಅಲರ್ಜಿ ಉಂಟುಮಾಡುತ್ತದೆ, ಆದ್ದರಿಂದ ಕೊಲ್ಲುವುದಕ್ಕಿಂತ ತೆಗೆದುಹಾಕುವುದು ಮುಖ್ಯ. ಬ್ಲೀಚ್ ಬಳಸಿಯೇ ತೀರುವುದಾದರೆ ವಿನಿಗರ್, ಆಮ್ಲ ಅಥವಾ ಅಮೋನಿಯ ಇರುವ ಯಾವುದರೊಂದಿಗೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬೂಸ್ಟು ಒಳಗಿಳಿದ ಜಿಪ್ಸಂ ಹಲಗೆ, ಹಾಸಿಗೆ, ದಿಂಬುಗಳನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಗೋಡೆ ಪೂರ್ತಿ ಆರುವವರೆಗೆ ಬಣ್ಣ ಮುಟ್ಟಬೇಡಿ. ಒರೆಸುವ ಮುನ್ನ ಕಲೆಯ ಅಂಚಿನಗುಂಟ ಪೆನ್ಸಿಲ್ ಗೆರೆ ಎಳೆದು, ಪಕ್ಕದಲ್ಲಿ ದಿನಾಂಕ ಬರೆದಿಡಿ. ಮುಂದಿನ ಕೆಲವು ತಿಂಗಳು ಆ ಗೆರೆಯೊಳಗೆ ಕಣ್ಣಿಟ್ಟಿರಿ. ಚುಕ್ಕೆ ಮರಳಿದರೆ ಬಕೆಟ್ ಎತ್ತಿಕೊಳ್ಳದೆ, ಮಾಪಕವನ್ನೂ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದುಕೊಂಡು ಎರಡನೆಯ ಹೆಜ್ಜೆಯಿಂದ ಮತ್ತೆ ಶುರು ಮಾಡಿ.